ಅಳತೆ ಸರಿಯಿರುವ ಬಂಕ್: ಕೋಲಾರದ ಬೈಪಾಸ್ ಬಳಿ ಡೀಸೆಲ್ ಹಾಕಿಸುವವರಿಗೆ

ಕೋಲಾರದ ಎಪಿಎಂಸಿ ಮಾರುಕಟ್ಟೆಯಿಂದ ಚೆನ್ನೈಗೆ ಟೊಮ್ಯಾಟೊ ಸಾಗಿಸುವ ಪಿಕಪ್ ಗಾಡಿಯೊಂದು ನಮ್ಮದಿದೆ. ಹೋಗಿಬರಲು 500 ಕಿಲೋಮೀಟರ್‌ಗೂ ಹೆಚ್ಚು ಓಡುವ ಈ ಗಾಡಿಗೆ ಒಂದು ಬಾಡಿಗೆಗೆ ಸುಮಾರು 40 ಲೀಟರ್ ಡೀಸೆಲ್ ಬೇಕಾಗುವುದರಿಂದ, ಬಂಕಿನ ಅಳತೆ ಸ್ವಲ್ಪ ತಪ್ಪಿದರೂ ಗಿಟ್ಟುವ ಹಣದಲ್ಲಿ ಅದು ಕಾಣಿಸುತ್ತದೆ. ಮೊದಲು ಹಾಕಿಸುತ್ತಿದ್ದ ಬೇರೊಂದು ಬಂಕಿನಲ್ಲಿ ಅದೇ ರಸ್ತೆ, ಅದೇ ಹೊರೆಗೆ ಪ್ರತಿ ಸಲವೂ ನಲವತ್ತು, ಐವತ್ತು ಕಿಲೋಮೀಟರ್ ಕಡಿಮೆ ಓಡುತ್ತಿತ್ತು. ತಿಂಗಳುಗಟ್ಟಲೆ ಎಂಜಿನ್ನನ್ನೇ ದೂರಿದ ಮೇಲೆ ಬಂಕ್ ಬದಲಾಯಿಸಿದೆ.

ಬೈಪಾಸ್ ಬಳಿಯ ಈ ಬಂಕಿಗೆ ಮೊದಲ ಸಲ ಹೋದಾಗ ಐದು ಲೀಟರ್ ಅಳತೆ ತೋರಿಸುವಂತೆ ಕೇಳಿದೆ. ಹಾಗೆ ಕೇಳುವ ಹಕ್ಕು ಪ್ರತಿಯೊಬ್ಬ ಗ್ರಾಹಕರಿಗೂ ಇದೆ. ಅಲ್ಲಿನ ಹುಡುಗ ಮುಖ ಗಂಟಿಕ್ಕದೆ, ತೂಕ ಮತ್ತು ಅಳತೆ ಇಲಾಖೆಯ ಮುದ್ರೆಯಿದ್ದ ಅಳತೆಪಾತ್ರೆಯನ್ನು ತಂದು ಸಮತಟ್ಟಾದ ಜಾಗದಲ್ಲಿಟ್ಟು, "ಅಣ್ಣಾ, ಮೀಟ್ರಲ್ಲಿ ಸೊನ್ನೆ ನೋಡ್ಕೊಳ್ಳಿ" ಎಂದು ಹೇಳಿ ತುಂಬಿಸಿದ. ನೊರೆ ಇಳಿದ ಮೇಲೆ ಡೀಸೆಲ್ ಪಾತ್ರೆಯ ಕತ್ತಿನ ಗೆರೆಗೆ ಸರಿಯಾಗಿ ನಿಂತಿತ್ತು. ಅಂದಿನಿಂದ ಎರಡು ವರ್ಷ ಇಲ್ಲಿಯೇ ಹಾಕಿಸುತ್ತಿದ್ದೇನೆ. ಮೈಲೇಜಿನ ಲೆಕ್ಕ ಒಮ್ಮೆಯೂ ತಪ್ಪಿಲ್ಲ.

ಈ ಗೆರೆಯನ್ನು ನಾನು ಇಷ್ಟು ಮುಖ್ಯವೆಂದು ಎಣಿಸುವುದಕ್ಕೆ ದರದ ಆಚೆಗೂ ಕಾರಣವಿದೆ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿನ ಬಳಿಯ ದೇವನಗೊಂದಿಯವರೆಗೆ ಕೊಳವೆಯಲ್ಲಿ ಡೀಸೆಲ್ ಹರಿದು ಬರುತ್ತದೆ. ಆದರೆ ಅದಕ್ಕೆ ಮೂಲವಾದ ಕಚ್ಚಾತೈಲದಲ್ಲಿ ನಮ್ಮ ನೆಲದ್ದು ಬಹಳ ಕಡಿಮೆ. ದೇಶ ಬಳಸುವ ಕಚ್ಚಾತೈಲದಲ್ಲಿ ಶೇ. 85ಕ್ಕಿಂತ ಹೆಚ್ಚು ಆಮದಾಗುತ್ತದೆ, ವಾಹನಗಳು ಹೆಚ್ಚಿದಂತೆ ಬೇಡಿಕೆಯೂ ಏರುತ್ತಿದೆ. ಚೀನಾ 1993ರ ಹೊತ್ತಿಗೆ ತೈಲ ಮಾರುವ ಸ್ಥಿತಿಯಿಂದ ಕೊಳ್ಳುವ ಸ್ಥಿತಿಗೆ ಬಂದು, ಈಗ ಜಗತ್ತಿನಲ್ಲೇ ಅತಿ ಹೆಚ್ಚು ಕಚ್ಚಾತೈಲ ಆಮದು ಮಾಡಿಕೊಳ್ಳುವ ದೇಶವಾಗಿದೆ.

ಮಾರುವವರ ಮನೆಯ ಕಥೆಯನ್ನು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಸು ಮೊದಲಿನಷ್ಟೇ ಹಾಲು ಕೊಟ್ಟರೂ ಮನೆಯಲ್ಲಿ ಮೊಮ್ಮಕ್ಕಳು ಹೆಚ್ಚಿದರೆ ಡೇರಿಗೆ ಹಾಕುವ ಹಾಲು ಕಡಿಮೆಯಾಗುತ್ತದೆ. ಹಸುವಿಗೂ ವಯಸ್ಸಾದರೆ ಡೇರಿಯ ಕಡೆ ಹೋಗುವುದೇ ನಿಂತು, ಕೊನೆಗೆ ಮನೆಗೇ ಹಾಲು ಕೊಳ್ಳಬೇಕಾಗುತ್ತದೆ. ಇಂಡೋನೇಷ್ಯಾಕ್ಕೆ ಆದದ್ದು ಇದೇ. ತೈಲ ರಫ್ತು ಮಾಡುವ ದೇಶಗಳ ಕೂಟವಾದ ಒಪೆಕ್ ಅನ್ನು 1962ರಲ್ಲಿ ಸೇರಿದ ಆ ದೇಶದಲ್ಲಿ ಹಳೆಯ ಬಾವಿಗಳ ಇಳುವರಿ ಇಳಿಯುತ್ತ, ಸ್ವಂತ ಬಳಕೆ ಏರುತ್ತ ಹೋಗಿ, 2000ದ ದಶಕದ ನಡುವೆ ಅದು ಮಾರುವುದಕ್ಕಿಂತ ಹೆಚ್ಚು ತೈಲ ಕೊಳ್ಳುವ ದೇಶವಾಯಿತು; 2009ರ ಆರಂಭದಲ್ಲಿ ಸದಸ್ಯತ್ವವನ್ನೇ ಅಮಾನತಿನಲ್ಲಿಟ್ಟಿತು. ಸೌದಿ ಅರೇಬಿಯಾ ಕೂಡ ಬೇಸಿಗೆಯಲ್ಲಿ ಏಸಿಗಳಿಗೆ ಬೇಕಾದ ವಿದ್ಯುತ್ತಿಗಾಗಿ ತನ್ನ ಕಚ್ಚಾತೈಲವನ್ನೇ ಉರಿಸುತ್ತದೆ. ಆದ್ದರಿಂದ ಜಗತ್ತಿನಲ್ಲಿ ಒಟ್ಟು ಎಷ್ಟು ತೈಲ ಮೇಲೆತ್ತುತ್ತಾರೆ ಎನ್ನುವುದಕ್ಕಿಂತ, ಅದರಲ್ಲಿ ಮಾರಾಟಕ್ಕೆ ಎಷ್ಟು ಹಡಗೇರುತ್ತದೆ ಎನ್ನುವುದೇ ನಮ್ಮಂತಹ ಕೊಳ್ಳುವ ದೇಶಕ್ಕೆ ಮುಖ್ಯ. ಅಷ್ಟು ದೂರದಿಂದ, ಅಷ್ಟು ಪೈಪೋಟಿಯ ನಡುವೆ ಬಂದ ಲೀಟರಿನಲ್ಲಿ ಕೊನೆಯ ನಾಜಲ್ಲಿನ ಬಳಿ ಕಳ್ಳತನವಾಗುವುದು ನನಗೆ ಸಹಿಸಲಾಗದ ಮಾತು.

ಈ ಬಂಕಿನ ಮತ್ತೊಂದು ಒಳ್ಳೆಯ ಗುಣವೆಂದರೆ, ಆ ದಿನದ ದರ ಮತ್ತು ಡೀಸೆಲ್‌ನ ಸಾಂದ್ರತೆಯನ್ನು ಫಲಕದಲ್ಲಿ ತಪ್ಪದೆ ತೋರಿಸುತ್ತಾರೆ, ಕೇಳದಿದ್ದರೂ ಬಿಲ್ ಕೊಡುತ್ತಾರೆ. ಕೊರತೆಗಳೆಂದರೆ, ಗಾಳಿ ತುಂಬುವ ಯಂತ್ರ ತಿಂಗಳಿಂದ ಕೆಟ್ಟು ನಿಂತಿದೆ, ಶೌಚಾಲಯಕ್ಕೆ ರಾತ್ರಿ ಬೀಗ ಹಾಕುತ್ತಾರೆ. ಟೊಮ್ಯಾಟೊ ಸುಗ್ಗಿಯಲ್ಲಿ ಸಂಜೆ ಡೀಸೆಲ್ ಪಂಪಿನ ಮುಂದೆ ಗಾಡಿಗಳ ಸಾಲು ರಸ್ತೆಯವರೆಗೆ ಬರುವುದರಿಂದ, ದೂರದ ಬಾಡಿಗೆ ಇರುವವರು ಲೋಡ್ ಹಾಕುವ ಮೊದಲೇ, ಮಧ್ಯಾಹ್ನದ ಹೊತ್ತಿಗೆ ಟ್ಯಾಂಕ್ ತುಂಬಿಸಿಕೊಳ್ಳುವುದು ಅನುಕೂಲ.