ಕುಕ್ಕಿ ಐಸಿಂಗ್‌ಗೆ ಯಾವ ಪೈಪಿಂಗ್ ಬ್ಯಾಗ್? ದಪ್ಪದ್ದೋ, ತೆಳುವಾದದ್ದೋ, ಕಾಗದದ ಕೋನೋ?

ಅಂಗಡಿಗೆ ಹೋಗಿ ಯೂಸ್ ಅಂಡ್ ಥ್ರೋ ಪೈಪಿಂಗ್ ಬ್ಯಾಗ್ (ಐಸಿಂಗ್ ತುಂಬಿ ತುದಿಯಿಂದ ಹಿಂಡುವ ಕೋನ್ ಆಕಾರದ ಚೀಲ) ಕೇಳಿದರೆ ಮೊದಲು ತೆಗೆದುಕೊಡುವುದು ದಪ್ಪದ ಬ್ಯಾಗನ್ನೇ. "ಇದು ಒಡೆಯಲ್ಲ ಮೇಡಂ, ಇದನ್ನೇ ತಗೊಳ್ಳಿ" ಅಂತಾರೆ. ನಿಜ, ಒಡೆಯಲ್ಲ. ಆದರೆ ಕುಕ್ಕಿ ಮೇಲೆ ರಾಯಲ್ ಐಸಿಂಗ್ (ಮೊಟ್ಟೆಯ ಬಿಳಿ, ಸಕ್ಕರೆ ಪುಡಿ ಕಲಸಿ ಮಾಡುವ, ಒಣಗಿದರೆ ಗಟ್ಟಿಯಾಗುವ ಐಸಿಂಗ್) ಹಾಕುವವರಿಗೆ ಬ್ಯಾಗ್ ಒಡೆಯುವುದು ದೊಡ್ಡ ತಲೆನೋವೇ ಅಲ್ಲ. ತುದಿ ಹೇಗಿದೆ, ಸೀಲ್ ಮಾಡಿದ ಗೆರೆ ಎಲ್ಲಿ ಹಾದುಹೋಗಿದೆ, ನಮ್ಮ ಕೆಲಸ ನಿಂತಿರುವುದು ಅದರ ಮೇಲೆ.

ಒಂದೇ ಬಟ್ಟಲಿನ ಐಸಿಂಗನ್ನು ಬೇರೆ ಬೇರೆ ಬ್ಯಾಗಿಗೆ ಹಂಚಿ ನೋಡಿದೆ. ಅಂಚಿನ ಗೆರೆ ಎಳೆಯುವುದು, ಒಳಗೆ ತುಂಬುವುದು, ಮೇಲೆ ಕನ್ನಡದಲ್ಲಿ ಹೆಸರು ಬರೆಯುವುದು, ಈ ಮೂರು ಕೆಲಸ. ಮೂರನೆಯದೇ ಅಸಲಿ ಪರೀಕ್ಷೆ. ಇಂಗ್ಲಿಷ್ ಅಕ್ಷರ ಹೇಗೋ ಆಗಿಬಿಡುತ್ತೆ. ಸೀಮಂತಕ್ಕೋ ಹುಟ್ಟುಹಬ್ಬಕ್ಕೋ ಮಾಡಿದ ಪುಟ್ಟ ಕುಕ್ಕಿ ಮೇಲೆ 'ಲಕ್ಷ್ಮಿ' ಅಂತ ಬರೆಯಿರಿ ನೋಡೋಣ, ಗೆರೆ ಸ್ವಲ್ಪ ದಪ್ಪ ಆದರೂ ಒತ್ತಕ್ಷರ ಮೇಲಿನ ಅಕ್ಷರಕ್ಕೆ ಅಂಟಿಕೊಂಡು ಒಂದು ಮುದ್ದೆ ಆಗುತ್ತೆ.

ಮೊದಲು ಆ ದಪ್ಪದ ಬ್ಯಾಗ್. ಹೊರಗಡೆ ಸ್ವಲ್ಪ ತರಿ ಇರುತ್ತೆ, ಕೈ ಜಾರುವುದಿಲ್ಲ. ಬಟರ್‌ಕ್ರೀಮ್ ಹೂವಿಗೆ ಇದನ್ನು ಬಿಟ್ಟರೆ ಬೇರೆ ಇಲ್ಲ, ಗಟ್ಟಿ ಕ್ರೀಮನ್ನು ಸ್ಟಾರ್ ನಾಜಲ್ (ಬ್ಯಾಗಿನ ತುದಿಗೆ ಹಾಕುವ, ನಕ್ಷತ್ರದಂಥ ತೂತಿರುವ ಮೂತಿ) ಮೂಲಕ ತಳ್ಳಲು ಅಷ್ಟು ಬಲ ತಡೆಯುವ ಬ್ಯಾಗೇ ಬೇಕು. ಕುಕ್ಕಿಗೆ ಮಾತ್ರ ನನಗೆ ಇಷ್ಟವಾಗಲಿಲ್ಲ. ನಾಜಲ್ ಇಲ್ಲದೆ ಸುಮ್ನೆ ತುದಿ ಕತ್ತರಿಸಿದರೆ ಗೆರೆ ಒರಟಾಗಿ ಬರುತ್ತೆ, ಎಷ್ಟು ಒತ್ತುತ್ತಿದ್ದೇನೆ ಅನ್ನುವುದು ಬೆರಳಿಗೆ ತಿಳಿಯುವುದಿಲ್ಲ. 1 ಅಥವಾ 2ನೇ ನಂಬರಿನ ನಾಜಲ್ ಹಾಕಿದರೆ ಚೆನ್ನಾಗಿಯೇ ಬರುತ್ತೆ, ಆದರೆ ಐದು ಬಣ್ಣಕ್ಕೆ ಐದು ನಾಜಲ್ ಬೇಕು, ಕೊನೆಗೆ ಆ ಸಣ್ಣ ತೂತುಗಳಲ್ಲಿ ಒಣಗಿ ಕೂತ ಐಸಿಂಗನ್ನು ತೊಳೆಯುತ್ತಾ ನಿಲ್ಲಬೇಕು. ಬೆಲೆಯೂ ಜಾಸ್ತಿ.

ಎರಡನೆಯದು ಮಾಮೂಲಿ ಮೆತ್ತನೆಯ ಪಾಲಿಥಿನ್ ಬ್ಯಾಗ್, ನೂರರ ಕಟ್ಟಿನಲ್ಲಿ ಬರುತ್ತಲ್ಲ, ಅದು. ಅಗ್ಗ. ಒಳಗೆ ತುಂಬುವ ಕೆಲಸಕ್ಕೆ ಸಾಕೋ ಸಾಕು. ಅಂಚಿಗೆ ಬಂದರೆ ಕಿರಿಕಿರಿ ಶುರು, ಯಾಕಂದ್ರೆ ಸೀಲ್ ಗೆರೆ ಪಕ್ಕದಲ್ಲಿ ಹಾದು ನೇರ ತುದಿಗೇ ಬಂದು ಮುಗಿಯುತ್ತೆ. ಅಲ್ಲಿ ಕತ್ತರಿಸಿದಾಗ ತೂತಿನ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು. ಐಸಿಂಗ್ ಒಂದು ಕಡೆಗೆ ಸುರುಳಿ ಸುತ್ತಿಕೊಂಡು ಬರುತ್ತೆ, ನಾವು ನೇರ ಎಳೆದರೂ ಅದು ಸೊಟ್ಟ. ಇದಕ್ಕೊಂದು ಉಪಾಯ ಇದೆ: ಸೀಲ್ ಗೆರೆ ಪಕ್ಕಕ್ಕೆ ಬಾರದೆ ನಡುವೆ ಬರುವಂತೆ ತುದಿಯನ್ನು ಬೆರಳಲ್ಲಿ ಚಪ್ಪಟೆ ಮಾಡಿ, ಆಮೇಲೆ ಅಡ್ಡಲಾಗಿ ನೇರ ಕತ್ತರಿಸಬೇಕು. ಪೂರ್ತಿ ಹೋಗದಿದ್ದರೂ ಸೊಟ್ಟ ತುಂಬಾ ಕಡಿಮೆ ಆಗುತ್ತೆ. ಕತ್ತರಿ ಹರಿತವಾಗಿರಲಿ.

ಮೂರನೆಯದು ಟಿಪ್‌ಲೆಸ್ ಬ್ಯಾಗ್, ಅಂದರೆ ನಾಜಲ್ ಹಾಕದೆಯೇ ಬಳಸುವಂಥದ್ದು. ತೆಳು, ಗಾಜಿನ ಹಾಗೆ ಪಾರದರ್ಶಕ, ಮುಟ್ಟಿದರೆ ಪರಪರ ಅನ್ನುತ್ತೆ. ನನ್ನ ಓಟು ಇದಕ್ಕೇ. ಒಳ್ಳೆಯದರಲ್ಲಿ ತುದಿ ಸೂಜಿಯಷ್ಟು ಚೂಪಾಗಿ ಬಂದಿರುತ್ತೆ, ಸೀಲ್ ಗೆರೆ ತೂತಿಗೆ ಅಡ್ಡ ಬರುವುದಿಲ್ಲ. ಕೂದಲೆಳೆಯಷ್ಟು ಕತ್ತರಿಸಿದರೆ ನಾಜಲ್ ಇಲ್ಲದೆಯೇ ಸಣ್ಣ ಗೆರೆ. ಒಳಗೆ ಗಾಳಿಗುಳ್ಳೆ ಇದ್ದರೆ ಹೊರಗಿನಿಂದಲೇ ಕಾಣುತ್ತೆ, ತಟ್ಟಿ ಮೇಲಕ್ಕೆ ಕಳಿಸಬಹುದು. ದೋಷ ಇಲ್ಲ ಅಂತಲ್ಲ. ಈ ಪ್ಲಾಸ್ಟಿಕ್ ಹಿಗ್ಗುವುದಿಲ್ಲ, ಒಂದು ಕಡೆ ಸೀಳು ಬಿಟ್ಟರೆ ಉದ್ದಕ್ಕೂ ಸೀಳಿಕೊಂಡು ಹೋಗುತ್ತೆ. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತುಂಬಬೇಡಿ, ಮೇಲೆ ಬಿಗಿಯಾಗಿ ಗಂಟು ಹಾಕಿ. ಗಟ್ಟಿ ಐಸಿಂಗ್ ಹಾಕಿ ಬಲವಾಗಿ ಹಿಂಡುವ ಆಸೆಯಂತೂ ಬೇಡ. ಪ್ಯಾಕೆಟ್ ಮೇಲೆ ಟಿಪ್‌ಲೆಸ್ ಅಂತ ಬರೆದಿದ್ದರೂ ತುದಿ ಮೊಂಡಾಗಿರುವ ಮಾಲು ಬರುತ್ತೆ, ಕೊಳ್ಳುವ ಮೊದಲು ಒಂದನ್ನು ಬೆಳಕಿಗೆ ಹಿಡಿದು ನೋಡಿ.

ಇದು ಮೆಹಂದಿ ಕೋನ್ ತರವೇ ಅಲ್ವಾ, ಅದನ್ನೇ ಬಳಸಬಹುದಲ್ಲ ಅಂತ ಕೇಳುವವರಿದ್ದಾರೆ. ಆಕಾರ ಅದೇ, ಆದರೆ ಅದು ತಿನ್ನುವ ಪದಾರ್ಥಕ್ಕೆ ಅಂತ ಮಾಡಿದ ಪ್ಲಾಸ್ಟಿಕ್ ಅಲ್ಲ. ಬೇಡ.

ಅದರ ಬದಲು ಬಟರ್ ಪೇಪರ್ ಕೋನ್ ಮಾಡಿಕೊಳ್ಳಿ. ತ್ರಿಕೋನ ಕತ್ತರಿಸಿ, ಸುತ್ತಿ, ಮೇಲಿನ ಅಂಚು ಒಳಗೆ ಮಡಚಿದರೆ ಮುಗಿಯಿತು. ಹೆಸರು ಬರೆಯುವ ಪರೀಕ್ಷೆಯಲ್ಲಿ ಟಿಪ್‌ಲೆಸ್ ಬ್ಯಾಗನ್ನೂ ಮೀರಿಸಿದ್ದು ಇದೇ, ಪುಟ್ಟದಾಗಿ ಪೆನ್ನಿನಂತೆ ಹಿಡಿಯಬಹುದು, ಒತ್ತಕ್ಷರ ಬಿಡಿಬಿಡಿಯಾಗಿ ಬಂತು. ಒಳಗೆ ತುಂಬುವ ನೀರು ಐಸಿಂಗ್‌ಗೆ ಮಾತ್ರ ಆಗುವುದಿಲ್ಲ, ಹೊತ್ತು ಕಳೆದಂತೆ ಕಾಗದ ಮೆತ್ತಗಾಗಿ ತುದಿ ಅಗಲವಾಗುತ್ತೆ.

ಜಿಪ್ ಲಾಕ್ ಕವರಿನ ಮೂಲೆ ಕತ್ತರಿಸುವುದು ಮಕ್ಕಳ ಆಟಕ್ಕೆ ಸಾಕು. ತೊಳೆದ ಹಾಲಿನ ಪ್ಯಾಕೆಟ್ ಬಳಸಬೇಡಿ. ಜಿಡ್ಡು ಪೂರ್ತಿ ಹೋಗುವುದು ಕಷ್ಟ, ಮೊಟ್ಟೆಯ ಬಿಳಿಯಿಂದ ಮಾಡಿದ ಐಸಿಂಗ್‌ಗೂ ಜಿಡ್ಡಿಗೂ ಆಗಿಬರುವುದಿಲ್ಲ.

ಯಾವ ಬ್ಯಾಗ್ ತಂದರೂ ಐಸಿಂಗ್ ಹದ ತಪ್ಪಿದ್ದರೆ ಬ್ಯಾಗನ್ನು ಬೈದು ಏನೂ ಪ್ರಯೋಜನವಿಲ್ಲ. ಚಾಕುವಿನಲ್ಲಿ ಗೆರೆ ಎಳೆದಾಗ 10-15 ಸೆಕೆಂಡಲ್ಲಿ ಮುಚ್ಚಿಕೊಂಡರೆ ತುಂಬುವ ಹದ, ಅದಕ್ಕಿಂತ ಜಾಸ್ತಿ ಹೊತ್ತು ಹಿಡಿದರೆ ಅಂಚಿನ ಹದ. ಕೆಲಸದ ನಡುವೆ ಬ್ಯಾಗ್ ಕೆಳಗಿಟ್ಟಾಗ ತುದಿಯನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಿಡಿ, ಇಲ್ಲದಿದ್ದರೆ ಅಲ್ಲೇ ಒಣಗಿ ಕಟ್ಟಿಕೊಳ್ಳುತ್ತೆ. ಉಳಿದದ್ದನ್ನು ಬ್ಯಾಗಿನಲ್ಲೇ ಫ್ರಿಜ್ಜಿಗೆ ಹಾಕಿದರೆ ಮಾರನೇ ದಿನಕ್ಕೆ ನೀರು ಬೇರೆ, ಸಕ್ಕರೆ ಬೇರೆ ಆಗಿರುತ್ತೆ. ಬಟ್ಟಲಿಗೆ ಹಿಂಡಿ, ಚೆನ್ನಾಗಿ ಕಲಸಿ, ಹೊಸ ಬ್ಯಾಗಿಗೆ ಹಾಕಿಕೊಳ್ಳಿ.