ಏಳು ವರ್ಷದ ಆರ್‌ಎಕ್ಸ್‌ಜಾವಾ: ಕೈಯಲ್ಲಿ ತಿರುಗಿಸುವ ಗಡಿಯಾರ

"ಕ್ಷೇತ್ರ" ಅಂತ ಒಮ್ಮೆ ಟೈಪ್ ಮಾಡಿ ನೋಡಿ. ಕಣ್ಣಿಗೆ ಕಾಣುವುದು ಎರಡು ಅಕ್ಷರ. ಆ್ಯಪ್‌ಗೆ ತಲುಪುವುದು ಏಳು ತುಣುಕು: ಕ, ಹಲಂತ, ಷ, ಏಕಾರದ ಗುಣಿತ, ತ, ಮತ್ತೆ ಹಲಂತ, ರ. ಒಂದೊಂದು ತುಣುಕಿಗೂ ಹುಡುಕಾಟ ಶುರುವಾದರೆ "ಕ್ಷೇತ್" ಹತ್ತಿರ "ಪದ ಸಿಗಲಿಲ್ಲ" ಅಂತ ಮಿನುಗಿ ಮಾಯವಾಗುತ್ತದೆ. ಹುಡುಕುವವರಿಗೆ ಕಿರಿಕಿರಿ ಅಲ್ವಾ?

ಮೈಸೂರಿನಲ್ಲಿ ಕೂತು ಕನ್ನಡ ನಿಘಂಟಿನ ಸಣ್ಣ ಆಂಡ್ರಾಯ್ಡ್ ಆ್ಯಪ್ ಒಂದನ್ನು ನಾನೊಬ್ಬನೇ ನೋಡಿಕೊಳ್ಳುತ್ತಿದ್ದೇನೆ. ಈ ಮಿನುಗು ನಿಲ್ಲಿಸಬೇಕು ಅಂತಲೇ 2018ರಲ್ಲಿ, ಒಂದರ ಹಿಂದೊಂದು ಬರುವ ಘಟನೆಗಳನ್ನು ನಿಭಾಯಿಸುವ ಜಾವಾ ಲೈಬ್ರರಿ ಆರ್‌ಎಕ್ಸ್‌ಜಾವಾ 2 ಹಾಕಿಕೊಂಡೆ. 2021ರಲ್ಲಿ ಅದಕ್ಕೆ ಬೆಂಬಲ ನಿಂತಿತು, ಮೂರನೇ ಆವೃತ್ತಿಗೆ ಬಂದೆ. ಬೆರಳು 300 ಮಿಲಿಸೆಕೆಂಡ್ ಸುಮ್ಮನಾದರೆ ಮಾತ್ರ ಹುಡುಕು ಅನ್ನುವುದಕ್ಕೆ ಡಿಬೌನ್ಸ್. ಹೊಸ ಪದ ಬಂದರೆ ಹಳೆಯ ಹುಡುಕಾಟ ಕೈಬಿಡು ಅನ್ನುವುದಕ್ಕೆ ಸ್ವಿಚ್‌ಮ್ಯಾಪ್.

ನನಗೆ ಇದರ ಮೇಲೆ ಪ್ರೀತಿ ಹುಟ್ಟಿದ್ದು ಟೆಸ್ಟ್‌ಶೆಡ್ಯೂಲರ್‌ನಿಂದ, ಅಂದರೆ ಕೋಡನ್ನು ಪರೀಕ್ಷಿಸುವಾಗ ಬಳಸುವ ನಕಲಿ ಗಡಿಯಾರದಿಂದ.

ಅದಕ್ಕೂ ಮುಂಚೆ ನನ್ನ ಟೆಸ್ಟ್‌ಗಳಲ್ಲಿ ಥ್ರೆಡ್ ಸ್ಲೀಪ್ ತುಂಬಿತ್ತು. ಅರ್ಧ ಸೆಕೆಂಡ್ ಕಾಯಿ, ಆಮೇಲೆ ಉತ್ತರ ನೋಡು. ನನ್ನದು 8 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್. ಬೆಳಿಗ್ಗೆ ಪಾಸಾದ ಟೆಸ್ಟ್ ಸಂಜೆ ಬ್ರೌಸರ್ ತೆರೆದಿದ್ದರೆ ಫೇಲ್. ಎಮ್ಯುಲೇಟರ್ (ಲ್ಯಾಪ್‌ಟಾಪ್‌ನಲ್ಲೇ ಓಡುವ ನಕಲಿ ಫೋನ್) ಓಡಿಸಿದರಂತೂ ಫ್ಯಾನ್ ಸದ್ದಿಗೆ ಮನೆಯವರು ಬಂದು ನೋಡುತ್ತಿದ್ದರು. ಹೊಸ ಯಂತ್ರ ಕೊಳ್ಳುವಷ್ಟು ಆದಾಯ ಈ ಆ್ಯಪ್‌ನಿಂದ ಬರುವುದಿಲ್ಲ. ಹಾಗಾಗಿ ಫೋನೂ ಬೇಡದ, ಎಮ್ಯುಲೇಟರೂ ಬೇಡದ ಟೆಸ್ಟ್ ನನಗೆ ಅನ್ನದಷ್ಟೇ ಮುಖ್ಯ.

ಟೆಸ್ಟ್‌ಶೆಡ್ಯೂಲರ್‌ನಲ್ಲಿ ಸಮಯ ತಾನಾಗಿ ಓಡುವುದಿಲ್ಲ. ನಾವು ತಳ್ಳಿದಷ್ಟೇ ಮುಂದೆ ಹೋಗುತ್ತದೆ. ಈಗ ದಿನಾ ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟು ಮೊದಲು ಓಡಿಸುವುದು ಇದೇ ಟೆಸ್ಟ್. "ಕ" ಕಳಿಸುತ್ತೇನೆ, ಗಡಿಯಾರ 100 ಮಿಲಿಸೆಕೆಂಡ್ ಮುಂದೆ. "ಕ್" ಕಳಿಸುತ್ತೇನೆ, ಇನ್ನೂ 100. ಹೀಗೇ ಏಳೂ ತುಣುಕು ಮುಗಿಯಬೇಕು. ಕೊನೆಯದನ್ನು ಕಳಿಸಿದ ಕೂಡಲೇ 299 ಮಿಲಿಸೆಕೆಂಡ್ ತಳ್ಳಿ ನೋಡಿದರೆ ಏನೂ ಬಂದಿರಬಾರದು. ಇನ್ನೊಂದೇ ಒಂದು ಮಿಲಿಸೆಕೆಂಡ್. "ಕ್ಷೇತ್ರ" ಅಂತ ಒಂದೇ ಒಂದು ಹುಡುಕಾಟ ಹೊರಡುತ್ತದೆ. ಎಷ್ಟು ಸಲ ಓಡಿಸಿದರೂ ಇದೇ ಉತ್ತರ. ಏಳು ವರ್ಷವಾದರೂ ಆ ಹಸಿರು ಗುರುತು ಕಂಡರೆ ನನಗೆ ಖುಷಿಯೇ.

ಒಂದು ಮಾತು ಹೊಸಬರಿಗೆ. ಡಿಬೌನ್ಸ್‌ಗೆ ಶೆಡ್ಯೂಲರ್ (ಕೆಲಸ ಯಾವಾಗ, ಎಲ್ಲಿ ಓಡಬೇಕು ಅಂತ ನೋಡಿಕೊಳ್ಳುವುದು) ಕೊಡದಿದ್ದರೆ ಅದು ನಿಜವಾದ ಸಮಯದಲ್ಲಿ ಓಡುವ ತನ್ನದೇ ಕಂಪ್ಯೂಟೇಶನ್ ಶೆಡ್ಯೂಲರ್ ಹಿಡಿಯುತ್ತದೆ, ನಿಮ್ಮ ಗಡಿಯಾರ ಕೇಳುವುದಿಲ್ಲ. ಇದು ತಿಳಿಯದೆ ನನ್ನದೊಂದು ಇಡೀ ಭಾನುವಾರ ಹೋಯಿತು. ಶೆಡ್ಯೂಲರ್‌ಗಳನ್ನೆಲ್ಲ ಕನ್‌ಸ್ಟ್ರಕ್ಟರ್ (ಆಬ್ಜೆಕ್ಟ್ ಸೃಷ್ಟಿಯಾಗುವಾಗ ಓಡುವ ಕೋಡ್) ಮೂಲಕವೇ ಒಳಗೆ ಕೊಡಿ.

2019ರ ಕೊನೆಯಲ್ಲಿ ಒಂದು ಹೊಸ ಆವೃತ್ತಿ ಬಿಟ್ಟೆ. ಟೆಸ್ಟ್ ಎಲ್ಲ ಹಸಿರು. ಮರುದಿನದಿಂದಲೇ ಕ್ರ್ಯಾಶ್ ವರದಿ. ಎಲ್ಲದರಲ್ಲೂ ಒಂದೇ ಹೆಸರು, ಅನ್‌ಡೆಲಿವರಬಲ್ ಎಕ್ಸೆಪ್ಶನ್, ಅಂದರೆ ತಲುಪಿಸಲಾಗದ ಎರರ್. ಎರರ್ ಯಾವ ದಾರಿಯಲ್ಲಿ ಬಂತು ಅಂತ ತೋರಿಸುವ ಸ್ಟ್ಯಾಕ್ ಟ್ರೇಸ್‌ನಲ್ಲಿ ನನ್ನ ಕೋಡಿನ ಒಂದು ಸಾಲೂ ಇಲ್ಲ.

ಆಗಿದ್ದು ಇಷ್ಟು. ಹೊಸ ಪದ ಬಂದಾಗ ಸ್ವಿಚ್‌ಮ್ಯಾಪ್ ಹಳೆಯ ನೆಟ್‌ವರ್ಕ್ ಕೋರಿಕೆಯನ್ನು ಕತ್ತರಿಸುತ್ತದೆ. ಕತ್ತರಿಸಿದ ಕೋರಿಕೆ ಕೊನೆಗೊಂದು ಎರರ್ ಎಸೆಯುತ್ತದೆ. ಕೇಳುವವರು ಆಗಲೇ ಎದ್ದು ಹೋಗಿದ್ದಾರೆ. ಎರಡನೇ ಆವೃತ್ತಿಯಿಂದ ಇಂಥ ಎರರ್ ಕಳೆದುಹೋಗಬಾರದು ಅಂತ ಅದನ್ನು ಆರ್‌ಎಕ್ಸ್‌ಜಾವಾ ಪ್ಲಗಿನ್ಸ್‌ಗೆ ದಾಟಿಸುತ್ತಾರೆ. ಅಲ್ಲಿ ನಾವು ಎರರ್ ಹಿಡಿದುಕೊಳ್ಳುವ ಹ್ಯಾಂಡ್ಲರ್ ಇಟ್ಟಿಲ್ಲದಿದ್ದರೆ ಆ್ಯಪ್ ಬೀಳುತ್ತದೆ.

ದಾಖಲೆಯಲ್ಲಿ ಇದು ಬರೆದಿದೆ, ಒಪ್ಪುತ್ತೇನೆ. ನನಗೆ ಬೇಸರವಾಗಿದ್ದು ಬೇರೆ ಕಾರಣಕ್ಕೆ. ಫೋನ್‌ನಲ್ಲಿ ಆ್ಯಪನ್ನೇ ಬೀಳಿಸುವ ಇದೇ ಎರರ್ ಲ್ಯಾಪ್‌ಟಾಪ್‌ನಲ್ಲೇ ಓಡುವ ಜೆಯೂನಿಟ್ ಟೆಸ್ಟ್‌ನಲ್ಲಿ ಕೆಂಪು ಸಾಲು ಪ್ರಿಂಟ್ ಮಾಡಿ ಸುಮ್ಮನಾಗುತ್ತದೆ. ಟೆಸ್ಟ್ ಪಾಸ್! ನಾನು ನಂಬಿದ ಜಾಗವೇ ಕೈಕೊಟ್ಟಿತು. ಜೊತೆಗೆ ನನ್ನ ನಕಲಿ ಸರ್ವರ್ ಸಿಂಗಲ್ ಜಸ್ಟ್‌ನಿಂದ (ಸಿದ್ಧ ಉತ್ತರವನ್ನು ಹಾಗೇ ಕೊಡುವುದು) ತಕ್ಷಣ ಉತ್ತರ ಕೊಡುತ್ತಿತ್ತು. ದಾರಿ ಮಧ್ಯೆ ಕತ್ತರಿಸುವ ಸಂದರ್ಭವೇ ಟೆಸ್ಟ್‌ನಲ್ಲಿ ಬರುತ್ತಿರಲಿಲ್ಲ. ವರದಿಗಳನ್ನು ನೋಡುತ್ತಾ ಎರಡು ರಾತ್ರಿ ನಿದ್ದೆ ಬರಲಿಲ್ಲ. ಪದ ನೋಡಲು ಬಂದವರ ಮುಂದೆ ಆ್ಯಪ್ ಮುಚ್ಚಿಕೊಂಡಿತ್ತಲ್ಲ.

ಈಗ ಪ್ರತಿ ಟೆಸ್ಟ್ ಶುರುವಾಗುವ ಮೊದಲು ಒಂದು ಎರರ್ ಹ್ಯಾಂಡ್ಲರ್ ಇಟ್ಟು, ಬಂದ ಎರರ್‌ಗಳನ್ನೆಲ್ಲ ಒಂದು ಪಟ್ಟಿಗೆ ಹಾಕುತ್ತೇನೆ. ಟೆಸ್ಟ್ ಮುಗಿದಾಗ ಆ ಪಟ್ಟಿ ಖಾಲಿ ಇರಲೇಬೇಕು. ನಕಲಿ ಸರ್ವರ್‌ನ ಎಮಿಟರ್, ಅಂದರೆ ಉತ್ತರ ಅಥವಾ ಎರರ್ ಕಳಿಸುವ ಭಾಗ, ನನ್ನ ಕೈಯಲ್ಲೇ ಇರುತ್ತದೆ. ಎರಡನೇ ಪದ ಟೈಪ್ ಆಗಿ ಮೊದಲ ಕೋರಿಕೆ ಕತ್ತರಿಸಿದ ಮೇಲೆ ಬೇಕಂತಲೇ ಅದರಿಂದ ಎರರ್ ಎಸೆಯುತ್ತೇನೆ. ಈ ಟೆಸ್ಟ್ ಬರೆದ ದಿನ ಅದು ಮೊದಲ ಸಲಕ್ಕೇ ಫೇಲಾಯಿತು. ಅಷ್ಟು ನೆಮ್ಮದಿ ಕೊಟ್ಟ ಫೇಲ್ ಇನ್ನೊಂದಿಲ್ಲ. ಆ್ಯಪ್‌ನಲ್ಲೂ ಹ್ಯಾಂಡ್ಲರ್ ಇಟ್ಟು, ಕತ್ತರಿಸಿದ ಕೋರಿಕೆಯ ನೆಟ್‌ವರ್ಕ್ ಎರರ್ ಮಾತ್ರ ಬಿಟ್ಟುಬಿಡು, ಬೇರೆ ಯಾವುದನ್ನೂ ನುಂಗಬೇಡ ಅಂತ ಬರೆದೆ. ಟೆಸ್ಟ್‌ನ ಪಟ್ಟಿಗೂ ಅದೇ ನಿಯಮ. ಆಮೇಲೆ ಆ ಹೆಸರು ವರದಿಯಲ್ಲಿ ಬಂದಿಲ್ಲ.

ಹೊಸದಾಗಿ ಶುರು ಮಾಡುವವರಿಗೆ ನಾನು ಕಾಟ್ಲಿನ್ ಫ್ಲೋ (ಕಾಟ್ಲಿನ್ ಭಾಷೆಯಲ್ಲಿ ಇದೇ ಕೆಲಸ ಮಾಡುವ ಸಾಧನ) ಹಿಡಿಯಿರಿ ಅಂತಲೇ ಹೇಳುತ್ತೇನೆ. ಕಲಿಯುವುದು ಕಡಿಮೆ, ಅಲ್ಲೂ ಟೆಸ್ಟ್ ಓಡಿಸುವ ರನ್‌ಟೆಸ್ಟ್ ಒಳಗೆ ಗಡಿಯಾರ ನಿಮ್ಮ ಕೈಯಲ್ಲೇ. ಆದರೆ ಚೆನ್ನಾಗಿ ಓಡುತ್ತಿರುವ ಹಳೆಯ ಕೋಡನ್ನು ಫ್ಯಾಷನ್‌ಗೋಸ್ಕರ ಕಿತ್ತು ಹಾಕಬೇಡಿ. ಕಳೆದ ತಿಂಗಳು ಹುಡುಕಾಟದ ಒಂದು ನಕಲನ್ನು ಫ್ಲೋನಲ್ಲಿ ಬರೆದು ನೋಡಿದೆ. 299 ತಳ್ಳಿದೆ, ಏನೂ ಬರಲಿಲ್ಲ, ಸರಿ. ಇನ್ನೊಂದು ತಳ್ಳಿದೆ, ಆಗಲೂ ಬರಲಿಲ್ಲ! ಅಲ್ಲಿ ಸರಿಯಾಗಿ 300ಕ್ಕೆ ನಿಂತ ಕೆಲಸ ಓಡಬೇಕಾದರೆ ರನ್‌ಕರೆಂಟ್ ಅಂತ ಇನ್ನೊಂದು ಸಾಲು ಬೇಕು. ಸೇರಿಸಿದೆ, "ಕ್ಷೇತ್ರ" ಬಂತು. ಆ ನಕಲು ಬೇರೆ ಬ್ರಾಂಚ್‌ನಲ್ಲಿ (ಕೋಡಿನ ಪ್ರತ್ಯೇಕ ಪ್ರತಿಯಲ್ಲಿ) ಇದೆ. ಆ್ಯಪ್‌ನಲ್ಲಿ ಸದ್ಯಕ್ಕೆ ಹಳೆಯದೇ.