ಬಂಗಿಗೆ ಲೇಸರ್ ಬೇಡವೆಂದ ಚಿಕಿತ್ಸಾಲಯ

ಕೆನ್ನೆಯ ಬಂಗು, ಕಣ್ಣಂಚಿನ ಗೆರೆಗಳು, ಬಿಸಿಲಿಗೆ ಕಳೆಗುಂದಿದ ಮೈಬಣ್ಣ ಇವುಗಳಿಗೆ ಬೆಂಗಳೂರಿನಲ್ಲಿ ಎರಡು ಬಗೆಯ ಚಿಕಿತ್ಸೆ ದೊರೆಯುತ್ತದೆ. ಚರ್ಮದ ಮೇಲ್ಪದರವನ್ನು ಸುಟ್ಟು ಹೊಸ ಪದರ ಬೆಳೆಯುವಂತೆ ಮಾಡುವ ಲೇಸರ್ ಮತ್ತು ಆಳವಾದ ಪೀಲಿಂಗ್ (ರಾಸಾಯನಿಕ ಹಚ್ಚಿ ಚರ್ಮದ ಪದರ ಸುಲಿಸುವುದು) ಒಂದು ಬಗೆಯಾದರೆ, ಲೇಪ, ಸನ್‌ಸ್ಕ್ರೀನ್ ಮತ್ತು ಹಗುರ ಪೀಲಿಂಗ್‌ಗಳಿಂದ ತಿಂಗಳುಗಟ್ಟಲೆ ನಡೆಯುವ ಆರೈಕೆ ಇನ್ನೊಂದು. ನಮ್ಮ ಅತ್ತಿಗೆ ದೊಡ್ಡ ಸೌಂದರ್ಯ ಕೇಂದ್ರವೊಂದರಲ್ಲಿ ಮೊದಲನೆಯದನ್ನು ಮಾಡಿಸಿಕೊಂಡರು. ನಾನು ಜಯನಗರದ ಸಣ್ಣ ಚರ್ಮ ಚಿಕಿತ್ಸಾಲಯದಲ್ಲಿ ಎರಡನೆಯದನ್ನು ಪಡೆಯುತ್ತಿದ್ದೇನೆ.

ಈ ಚಿಕಿತ್ಸಾಲಯವನ್ನು ನಾನು ಮೆಚ್ಚಲು ಮುಖ್ಯ ಕಾರಣ, ಅಲ್ಲಿನ ವೈದ್ಯೆ ನನಗೆ ಲೇಸರ್ ಬೇಡವೆಂದು ಹೇಳಿ, ಏಕೆ ಬೇಡವೆಂಬುದನ್ನೂ ಬಿಡಿಸಿ ತಿಳಿಸಿದ್ದು. ಚರ್ಮ ಬಿಸಿಲಿಗೆ ಹೇಗೆ ಕೆಂಪಾಗುತ್ತದೆ, ಕಪ್ಪಾಗುತ್ತದೆ ಎಂಬುದನ್ನು ಆಧರಿಸಿ ಅಮೆರಿಕದ ಚರ್ಮ ತಜ್ಞ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ರೂಪಿಸಿದ, ಮುಂದೆ ಆರು ಬಗೆಗಳಿಗೆ ವಿಸ್ತರಿಸಿದ ವರ್ಗೀಕರಣದಲ್ಲಿ ನಮ್ಮವರ ಚರ್ಮ ಬಹುಮಟ್ಟಿಗೆ ನಾಲ್ಕು ಅಥವಾ ಐದನೆಯ ಬಗೆಗೆ ಸೇರುತ್ತದೆ. ಇಂಥ ಚರ್ಮದಲ್ಲಿ ಬಣ್ಣ ತಯಾರಿಸುವ ಕೋಶಗಳು ಉರಿಯೂತವಾದೊಡನೆ ಕೆರಳುತ್ತವೆ. ಸೊಳ್ಳೆ ಕಚ್ಚಿ ತುರಿಸಿಕೊಂಡ ಜಾಗವೂ ತಿಂಗಳುಗಟ್ಟಲೆ ಕಪ್ಪಾಗಿರುವುದು ಇದರಿಂದಲೇ. ಕಾರ್ಬನ್ ಡೈಆಕ್ಸೈಡ್ ಲೇಸರ್‌ನ 10,600 ನ್ಯಾನೋಮೀಟರ್ ತರಂಗವನ್ನು ಚರ್ಮದೊಳಗಿನ ನೀರು ಹೀರಿ ಆವಿಯಾಗುವಾಗ ಸುತ್ತಲಿನ ಭಾಗಕ್ಕೂ ಬಿಸಿ ತಗಲಿ ಆ ಕೋಶಗಳು ಕೆರಳಬಹುದು. 2004ರಲ್ಲಿ ಪ್ರಕಟವಾದ ಫ್ರ್ಯಾಕ್ಷನಲ್ ವಿಧಾನದಲ್ಲಿ ಇಡೀ ಮುಖದ ಬದಲು ಸೂಕ್ಷ್ಮ ಚುಕ್ಕೆಗಳಿಗಷ್ಟೇ ಬಿಸಿ ಕೊಟ್ಟು, ನಡುವಣ ಚರ್ಮವನ್ನು ಮಾಯುವಿಕೆಗೆ ನೆರವಾಗಲೆಂದು ಹಾಗೆಯೇ ಬಿಡುತ್ತಾರೆ. ಇದರಿಂದ ಅಪಾಯ ತಗ್ಗಿತು, ಆದರೆ ತೀರಲಿಲ್ಲ. ಅತ್ತಿಗೆಯವರ ಮುಖ ಮೊದಲು ತಿಳಿಯಾದಂತೆ ಕಂಡರೂ ಬಂಗು ಮುಂಚಿಗಿಂತ ಗಾಢವಾಗಿ ಮರಳಿತು. ಪ್ಯಾಕೇಜಿನ ಹಣವನ್ನು ಮುಂಗಡವಾಗಿ ಪಡೆದ ಆ ಕೇಂದ್ರದಲ್ಲಿ ಈ ಸಾಧ್ಯತೆಯನ್ನು ಯಾರೂ ಅವರಿಗೆ ಹೇಳಿರಲಿಲ್ಲ ಎಂಬುದು ನನಗೆ ಇಂದಿಗೂ ನೋವಿನ ವಿಷಯ.

ಫೀನಾಲ್ ಪೀಲಿಂಗ್ ಇದಕ್ಕಿಂತ ಉಗ್ರ. ಅದರಲ್ಲಿ ಫೀನಾಲ್ ಜೊತೆ ಜಾಪಾಳದ ಎಣ್ಣೆ ಸೇರಿಸುವುದುಂಟು. ಹಿಂದೆ ಭೇದಿಗೆ ಕೊಡುತ್ತಿದ್ದ ಅದೇ ಜಾಪಾಳ. ಅದರ ಎಣ್ಣೆ ತಾಗಿದರೆ ಚರ್ಮದಲ್ಲಿ ಬೊಬ್ಬೆ ಏಳುತ್ತದೆ. ಫೀನಾಲ್ ರಕ್ತಕ್ಕೆ ಸೇರಿ ಹೃದಯದ ಲಯವನ್ನು ತಪ್ಪಿಸಬಲ್ಲದಾದ್ದರಿಂದ, ಮುಖಪೂರ್ತಿ ಹಚ್ಚುವಾಗ ಇಸಿಜಿಯ ಮೇಲೆ ಕಣ್ಣಿಟ್ಟಿರಬೇಕಾಗುತ್ತದೆ.

ನನಗೆ ಕೊಟ್ಟದ್ದು ಸರಳ. ದಿನ ಬಿಟ್ಟು ದಿನ ರಾತ್ರಿ ಬಟಾಣಿ ಕಾಳಿನಷ್ಟು 0.025 ಶೇಕಡಾ ಟ್ರೆಟಿನಾಯಿನ್ (ವಿಟಮಿನ್ ಎ ಬಗೆಯ ಲೇಪ), ಮೇಲೆ ಮಾಯಿಶ್ಚರೈಸರ್. ಚರ್ಮ ಅದಕ್ಕೆ ಒಗ್ಗಿದ ಬಳಿಕ ಕಡಿಮೆ ಸಾಂದ್ರತೆಯ ಗ್ಲೈಕೋಲಿಕ್ ಆಮ್ಲದ ಪೀಲಿಂಗ್. ಟ್ರೆಟಿನಾಯಿನ್ ಕೋಶಗಳ ಹೊಸತನವನ್ನು ಚುರುಕುಗೊಳಿಸಿ, ಕಾಲಕ್ರಮದಲ್ಲಿ ಚರ್ಮವನ್ನು ಬಿಗಿಯಾಗಿಡುವ ಕೊಲಾಜೆನ್ ಎಂಬ ಪ್ರೋಟೀನನ್ನು ಹೆಚ್ಚಿಸುತ್ತದೆ. ಆದರೆ ಮೊದಲ ವಾರಗಳಲ್ಲಿ ಮುಖ ಒಣಗಿ ಹೊಟ್ಟು ಏಳುತ್ತದೆ, ಮತ್ತು ಗರ್ಭಿಣಿಯರು ಇದನ್ನು ಹಚ್ಚಬಾರದು. ಸನ್‌ಸ್ಕ್ರೀನ್ ಬಗ್ಗೆ ವೈದ್ಯೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಮಾತನಾಡಿದರು. ಬಂಗನ್ನು ಕೆರಳಿಸುವುದು ನೇರಳಾತೀತ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಹೌದು. ಆದ್ದರಿಂದ ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನನ್ನು ಎರಡು ಬೆರಳಿನುದ್ದ ಹಿಂಡಿ ಹಚ್ಚಬೇಕು. ನಾನು ಹಿಂದೆ ಯಾವ ಕ್ರೀಮ್ ಬಳಸುತ್ತಿದ್ದೆನೆಂದೂ ಅವರು ವಿಚಾರಿಸಿದರು. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಸಿಗುವ ಸ್ಟೀರಾಯ್ಡ್ ಬೆರೆತ ಕ್ರೀಮುಗಳು ಚರ್ಮವನ್ನು ತೆಳುವಾಗಿಸುತ್ತವೆ. ಅಂಥ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿಗೊಳಿಸಿದರೂ ಅವುಗಳ ಬಳಕೆ ನಿಂತಿಲ್ಲ.

ಕೊರತೆಗಳೂ ಇವೆ. ಸಂಜೆ ಹೋದರೆ ಬಹಳ ಹೊತ್ತು ಕಾಯಬೇಕು, ಸೂಚನೆಗಳ ಹಾಳೆ ಇಂಗ್ಲಿಷಿನಲ್ಲಿ ಮಾತ್ರ ಇದೆ, ಒಳ್ಳೆಯ ಸನ್‌ಸ್ಕ್ರೀನಿನ ಖರ್ಚು ಪ್ರತಿ ತಿಂಗಳೂ ಬರುತ್ತದೆ. ನನ್ನ ಬಂಗು ಪೂರ್ತಿ ಹೋಗಿಲ್ಲ. ಅಂಚು ಮಸುಕಾಗಿದೆ, ಚರ್ಮ ನಯವಾಗಿದೆ. ಮದುವೆಯ ದಿನಾಂಕ ಹತ್ತಿರವಿಟ್ಟುಕೊಂಡು ಬರುವವರಿಗೆ ಈ ದಾರಿ ಸಾಲದೆನಿಸಬಹುದು, ಆದರೆ ಅವಸರದಲ್ಲಿರುವವರೇ ಲೇಸರ್‌ನಿಂದ ದೂರವಿರುವುದು ಲೇಸು, ಏಕೆಂದರೆ ಕಪ್ಪು ಕಲೆ ಕೆಲವು ವಾರಗಳ ನಂತರ ಮೇಲೇಳುತ್ತದೆ. ಮೊಡವೆಯಿಂದ ಆಳವಾದ ಕುಳಿ ಬಿದ್ದವರ ಸಂಗತಿ ಬೇರೆ. ಅಲ್ಲಿ ಲೇಪ ಹೆಚ್ಚೇನೂ ಮಾಡಲಾರದು, ಲೇಸರ್ ನಿಜಕ್ಕೂ ಉಪಯುಕ್ತ. ಅಂಥವರು ಯಂತ್ರವನ್ನು ಚರ್ಮ ತಜ್ಞರೇ ನಡೆಸುತ್ತಾರೆಯೇ, ಕಿವಿಯ ಮುಂದಿನ ಸಣ್ಣ ಜಾಗದಲ್ಲಿ ಮೊದಲು ಪರೀಕ್ಷಿಸಿ ಕೆಲವು ವಾರ ಕಾಯುತ್ತಾರೆಯೇ ಎಂಬುದನ್ನು ಹಣ ಕಟ್ಟುವ ಮುನ್ನವೇ ಕೇಳಿಕೊಳ್ಳಬೇಕು.